ನೋವಿದ್ದವರು ಕೈ ಎತ್ರಿ

ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ, ಗೊಬ್ಬರದ ಅಂಗಡಿಯೊಂದರ ಮಾಳಿಗೆಯ ಮೇಲೆ ತಗಡಿನ ಶೆಡ್ಡು ಹಾಕಿ ಒಂದು ಜಿಮ್ ಮಾಡಿದ್ದರು. ಬೆಳಿಗ್ಗೆ ಮತ್ತು ಸಂಜೆ ಗಂಡಸರಿಗೆ. ನಡುವೆ ನಾಲ್ಕೂವರೆಯಿಂದ ಐದೂವರೆವರೆಗೆ ಹೆಂಗಸರಿಗೆ. ಬಿಸಿಲಿಗೆ ಕಾದ ತಗಡು ಆ ಹೊತ್ತಿಗೆ ಸರಿಯಾಗಿ ಕೆಳಗೆ ಕಾವು ಇಳಿಸುತ್ತಿತ್ತು. ಬಚ್ಚಲೊಂದಿತ್ತು, ಆದರೆ ಅದಕ್ಕೆ ಚಿಲಕವಿರಲಿಲ್ಲ, ಗಂಡಸರು ಬಳಸಿ ಬಿಟ್ಟದ್ದು. ಹಾಗಾಗಿ ಅಲ್ಲಿಗೆ ಬರುವ ಹತ್ತು ಮಂದಿ ಹೆಂಗಸರೂ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಕಮ್ಮಿ ಮಾಡುತ್ತಿದ್ದರು. ಅದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಎಲ್ಲರೂ ತಾವಾಗಿಯೇ ಕಲಿತಿದ್ದರು.

ಆ ಹತ್ತರಲ್ಲಿ ಮೆಹನಾಜ್ ಒಬ್ಬಳು. ಮೂವತ್ತೆಂಟು ವರ್ಷದ ಬ್ಲೌಸ್ ಹೊಲಿಯುವ ಹೆಂಗಸು. ಹದಿನೈದು ವರ್ಷ ಮಷೀನಿನ ಮುಂದೆ ಬಗ್ಗಿ ಕೂತು ನಡು ಹಿಡಿದುಹೋಗಿತ್ತು. ಡಾಕ್ಟರು ಗುಳಿಗೆ ಬರೆದುಕೊಟ್ಟು, "ಮೈಗೆ ಕಸುವು ಬರಬೇಕಮ್ಮ, ತೂಕ ಎತ್ತೋದು ಕಲಿ" ಎಂದಿದ್ದರು. ಒಬ್ಬಳೇ ಹೋಗಲು ನಾಚಿಕೆಯಾಗಿ ಪಕ್ಕದ ಮನೆಯ ರಾಜಶ್ರೀಯನ್ನು ಕೇಳಿದಳು. ರಾಜಶ್ರೀ ಪ್ರೈವೇಟ್ ಶಾಲೆಯ ಟೀಚರ್, ಅವಳಿಗಿಂತ ಆರು ವರ್ಷ ಚಿಕ್ಕವಳು, ಲಿಂಗಸುಗೂರಿನ ಮಗಳು. ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ ಎಂದು ಅವಳ ರಿಪೋರ್ಟು ಹೇಳಿತ್ತು. "ನಡಿ ಮೆಹನಾಜಕ್ಕ, ನೀ ಬಂದ್ರ ನಾನೂ ಬರ್ತೀನಿ" ಎಂದು ಮಾರನೆ ದಿನವೇ ಹೊರಟುಬಿಟ್ಟಳು.

ಕಲಿಸುವವನು ಅನಿಲಕುಮಾರ, ಮಸ್ಕಿಯವನು. ಇಪ್ಪತ್ತೇಳರ ಹುಡುಗ ಹೆಂಗಸರನ್ನೆಲ್ಲ ಅಕ್ಕಾ, ಟೀಚರ್ ಎಂದು ಮರ್ಯಾದೆಯಿಂದ ಮಾತಾಡಿಸುತ್ತಿದ್ದ. ಕಣ್ಣೆತ್ತಿ ನೋಡಬಾರದ ಕಡೆ ಒಮ್ಮೆಯೂ ನೋಡಿದವನಲ್ಲ. ಅವನದೊಂದೇ ನಿಯಮ. ದಿನಾ ಶುರುವಿಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳುತ್ತಿದ್ದ:

"ನಿನ್ನೆ ಮಾಡಿದ್ದು ಇವತ್ತು ಯಾರಿಗೆ ನೋವಾಗೈತಿ? ನೋವಿದ್ದವರು ಕೈ ಎತ್ರಿ."

ಕೈ ಎತ್ತಿದವರಿಗೆ ಶಹಬ್ಬಾಸ್. ಎತ್ತದವರಿಗೆ ಕೊನೆಯಲ್ಲಿ ಇನ್ನೊಂದು ಸುತ್ತು. ನೋವು ಬಂದಿದ್ದರೆ ಮಾತ್ರ ಮೈ ದುಡಿದಿದೆ, ಬಂದಿಲ್ಲವೆಂದರೆ ಕಳ್ಳಾಟ ಆಡಿದೆ ಎನ್ನುವುದು ಅವನ ನಂಬಿಕೆ. ಅವನಿಗೆ ಕಲಿಸಿದವರೂ ಹಾಗೇ ಕಲಿಸಿದ್ದರು.

ಮೊದಲ ವಾರ ಮೆಹನಾಜಳಿಗೂ ತೊಡೆ, ತೋಳು, ಬೆನ್ನು ಎಲ್ಲ ನೋಯುತ್ತಿದ್ದವು. ಎರಡನೇ ವಾರಕ್ಕೆ ನೋವು ಬರುವುದು ನಿಂತಿತು. ಅವಳು ಬಳಗಾನೂರಿನಲ್ಲಿ ಹುಟ್ಟಿ, ಮದುವೆಯಾಗುವವರೆಗೂ ತಾಯಿ ಪೀರ್‌ಬೀಯ ಜೊತೆ ಕೆಸರಲ್ಲಿ ನಿಂತು ನೆಲ್ಲು ನಾಟಿ ಮಾಡಿದವಳು. ಆ ಹಳೆಯ ಕಸುವು ಎಲ್ಲೋ ಉಳಿದಿತ್ತೋ ಏನೋ. ನೋವಿಲ್ಲದಿದ್ದರೂ ಮೈ ಬದಲಾಗುತ್ತಿತ್ತು. ಇಬ್ಬರು ಸೇರಿ ಸರಿಸುತ್ತಿದ್ದ ಮಷೀನನ್ನು ಒಂದು ದಿನ ಒಬ್ಬಳೇ ಎತ್ತಿ ಕಿಟಕಿಯ ಬಳಿ ಇಟ್ಟಳು. ಗಂಡ ಮುಕ್ತಿಯಾರ್ ನೋಡಿ, "ಅರೇ, ಯಾರು ಎತ್ತಿಟ್ರು ಇದನ್ನ?" ಎಂದು ಕೇಳಿದ. ನಡು ಹಿಡಿದುಕೊಂಡು ಏಳುವುದು ತಪ್ಪಿತ್ತು. ಆದರೂ ಸಾಲಿನಲ್ಲಿ ಕೈ ಎತ್ತದೆ ನಿಂತಾಗ ಅನಿಲಕುಮಾರ ತಲೆಯಾಡಿಸುತ್ತಿದ್ದ.

"ನಿಮ್ಮದು ಕಳ್ಳ ಮೈ ಐತ್ರಿ ಅಕ್ಕಾ. ಇನ್ನೊಂದು ಸುತ್ತು ಹಾಕ್ರಿ."

ನಾಲ್ಕು ದಿನ ಹಾಕಿದಳು. ಮನೆಗೆ ಹೋಗಿ ಅಡಿಗೆ ಮಾಡಬೇಕು, ಮದುವೆ ಸೀಸನ್ನಿನ ಬ್ಲೌಸು ರಾಶಿ ಬಿದ್ದಿರುತ್ತಿತ್ತು. ಐದನೇ ದಿನ ಕೈ ಎತ್ತಿಬಿಟ್ಟಳು. ಎಲ್ಲಿ ನೋವು ಎಂದು ಕೇಳಿದ್ದಕ್ಕೆ ತೊಡೆ ತೋರಿಸಿದಳು. "ಈಗ ದಾರಿಗೆ ಬಂತು ನೋಡ್ರಿ" ಎಂದು ಅವನು ನಕ್ಕ. ಅಲ್ಲಿಂದ ಮುಂದೆ ದಿನಾ ಎತ್ತಿದಳು. ಸಣ್ಣ ಸುಳ್ಳು, ಯಾರಿಗೂ ಏನೂ ನಷ್ಟವಿಲ್ಲ ಅಂದುಕೊಂಡಳು.

ರಾಜಶ್ರೀಗೆ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಅವಳಿಗೆ ದಿನಾ ನೋವು. ಮೆಟ್ಟಿಲು ಇಳಿಯುವಾಗ "ಯವ್ವಾ" ಎನ್ನುತ್ತಾ ನಗುತ್ತಿದ್ದಳು. ಶಾಲೆಯಲ್ಲಿ ಬೋರ್ಡಿಗೆ ಕೈ ಎತ್ತಿ ಬರೆಯಲಾಗದೆ ಮಕ್ಕಳಿಂದ ಬರೆಸಿದ್ದನ್ನು ದೊಡ್ಡ ಸಾಧನೆಯೆಂಬಂತೆ ಹೇಳುತ್ತಿದ್ದಳು. "ಟೀಚರ್ ಹಂಗ ದುಡೀಬೇಕು" ಎಂದು ಅನಿಲಕುಮಾರ ಎಲ್ಲರ ಮುಂದೆ ಹೊಗಳಿದ ದಿನ ಅವಳ ಮುಖ ನೋಡಬೇಕಿತ್ತು.

ಮಾರ್ಚ್ ಮೊದಲ ವಾರದಲ್ಲಿ ಅವಳ ತಂದೆಗೆ ಕಣ್ಣಿನ ಆಪರೇಷನ್ ಆಯಿತು. ನೋಡಿಕೊಳ್ಳಲು ರಾಜಶ್ರೀ ರಜೆ ಹಾಕಿ ಲಿಂಗಸುಗೂರಿಗೆ ಹೋದಳು. ತಿರುಗಿ ಬಂದದ್ದು ಹದಿನೆಂಟು ದಿನದ ಮೇಲೆ, ಒಂದು ಸೋಮವಾರ.

ಆ ಸೋಮವಾರ ಗಾಳಿಯೇ ಇರಲಿಲ್ಲ. ಶೆಡ್ಡಿನೊಳಗೆ ಕಬ್ಬಿಣ ಮುಟ್ಟಿದರೆ ಚುರುಕ್ ಎನ್ನುತ್ತಿತ್ತು. ಅನಿಲಕುಮಾರ ಎಂದಿನಂತೆ ಕೇಳಿದ. ಒಂಬತ್ತು ಕೈಗಳು ಮೇಲೆದ್ದವು. ಅದರಲ್ಲಿ ಮೆಹನಾಜಳದೂ ಒಂದು. ರಾಜಶ್ರೀ ಮಾತ್ರ ಕೈ ಕೆಳಗಿಟ್ಟು ನಿಂತಿದ್ದಳು. ಹದಿನೆಂಟು ದಿನ ಏನೂ ಮಾಡದವಳಿಗೆ ಎಲ್ಲಿಯ ನೋವು? ಇದ್ದದ್ದನ್ನು ಇದ್ದಹಾಗೆ ಹೇಳಿದ್ದಳು ಅಷ್ಟೆ.

"ಹದಿನೆಂಟು ದಿನ ಮೈ ಮಲಗೈತಿ ಟೀಚರ್," ಅಂದ ಅನಿಲಕುಮಾರ. "ಇವತ್ತು ಎಬ್ಬಿಸೋಣ."

ರಾಜಶ್ರೀ ಎಲ್ಲರ ಜೊತೆ ನೂರು ಬಸ್ಕಿ ಹೊಡೆದಳು. ಉಳಿದವರು ಕೂತರು. ಅವಳ ಕೈಗೆ ಹತ್ತು ಕೆಜಿಯ ಕಬ್ಬಿಣದ ಪ್ಲೇಟು ಕೊಟ್ಟು, ಎದೆಗವಚಿಕೊಂಡು ಇನ್ನೊಂದು ನೂರು ಹೊಡೆಯಲು ಹೇಳಿದ. ಮೆಹನಾಜ್ ಏರ್ ಕೂಲರಿನ ಮುಂದಿನ ಬೆಂಚಿನ ಮೇಲೆ ಕೂತು ವೇಲಿನಿಂದ ಕತ್ತು ಒರೆಸಿಕೊಳ್ಳುತ್ತಾ ಎಣಿಸುತ್ತಿದ್ದಳು. ನಲವತ್ತರವರೆಗೆ ಚೆನ್ನಾಗಿ ನಡೆಯಿತು. ಅರವತ್ತಕ್ಕೆ ರಾಜಶ್ರೀಯ ಮೊಳಕಾಲು ನಡುಗತೊಡಗಿದವು. ಎಪ್ಪತ್ತಕ್ಕೆ ಕೆಳಗೆ ಹೋದವಳು ಮೇಲೆ ಬರಲು ಹೊತ್ತು ಹಿಡಿಯಿತು, ಮುಖದ ಮೇಲಿನ ಬೆವರು ನಿಂತುಹೋಗಿ ಚರ್ಮ ಒಣಗಿದ ಹಾಗೆ ಕಂಡಿತು. ಮೆಹನಾಜಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಸಾಕು ಬಿಡಪ್ಪ ಎಂದು ಹೇಳಲು ಅರ್ಧ ಎದ್ದಳು. ಎದ್ದರೆ, ನೀವೂ ಒಂದು ಸುತ್ತು ಹಾಕ್ರಿ ಅಕ್ಕಾ ಎಂದು ತನ್ನ ಕೈಗೂ ಪ್ಲೇಟು ಕೊಟ್ಟಾನು ಎಂಬ ಯೋಚನೆ ಬಂತು. ಮತ್ತೆ ಕೂತಳು.

ರಾಜಶ್ರೀ ನೂರು ಮುಗಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಂಗಳವಾರ ಅವಳು ಗೋಡೆ ಹಿಡಿದುಕೊಂಡು ಅಡ್ಡಡ್ಡವಾಗಿ ಮನೆಯ ಮೆಟ್ಟಿಲು ಇಳಿದಳು. ಜಿಮ್‌ಗೆ ಹೋಗಲಿಲ್ಲ, ಆದರೂ ನಗುತ್ತಲೇ ಇದ್ದಳು. ಬುಧವಾರ ನಗು ಇರಲಿಲ್ಲ. ಮೆಹನಾಜ್ ಹೋಗಿ ನೋಡಿದರೆ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ತೊಡೆಗಳು ಬಿಗಿದು ಮರದ ಕೊರಡಿನಂತಾಗಿದ್ದವು, ಬೆರಳಿಂದ ಒತ್ತಿದರೆ ತಗ್ಗೇ ಬೀಳುತ್ತಿರಲಿಲ್ಲ.

"ಇಷ್ಟು ಬಾವು ಬರ್ತದೇನು ರಾಜಿ?"

"ಅನಿಲಕುಮಾರಗ ಫೋನ್ ಮಾಡಿದ್ದೆ ಅಕ್ಕ. ಎರಡನೇ ದಿನ, ಮೂರನೇ ದಿನ ಭಾಳ ಇರ್ತದಂತ. ಅದೇ ಚಲೋ ನೋವಂತ. ಮೆಡಿಕಲ್‌ದಾಗ ನೋವಿನ ಗುಳಿಗಿ ತರಿಸೀನಿ, ಮೂರು ನುಂಗೀನಿ."

"ಊಟ ಮಾಡಿದ್ಯಾ?"

"ವಾಕರಿಕಿ ಬರಾಕತ್ತೈತಿ. ಬಿಸಿಲಿಗೆ ಇರಬೇಕು."

ಅತ್ತೆ ಕಸ್ತೂರೆಮ್ಮ ಬಾಗಿಲಲ್ಲಿ ನಿಂತು ಹೇಳಿದರು, "ನೋಡವಾ ಮೆಹನಾಜ್, ಇವಳಿಗೆ ಹೇಳು. ಎದ್ದು ಬಚ್ಚಲಕ್ಕ ಹೋಗಾಕ ನನ್ನ ಹೆಗಲು ಹಿಡೀತಾಳ. ನಾಳೆ ಲಿಂಗಸುಗೂರಿಗಿ ಹೋಗ್ತೀನಂತಾಳ."

ತಂದೆಯ ಕಣ್ಣನ್ನು ಮತ್ತೊಮ್ಮೆ ತೋರಿಸುವುದಿತ್ತು, ಕರೆದುಕೊಂಡು ಹೋಗುವವರು ಬೇರೆ ಯಾರೂ ಇರಲಿಲ್ಲ. ಮೆಹನಾಜಳಿಗೂ ಗುರುವಾರ ಮಸ್ಕಿಯಲ್ಲಿ ಮದುವೆ ಮನೆಗೆ ಬ್ಲೌಸು ಮುಟ್ಟಿಸುವುದಿತ್ತು. ಮಸ್ಕಿಯವರೆಗೆ ತಾನು ಜೊತೆಗಿರುತ್ತೇನೆ ಎಂದು ಕಸ್ತೂರೆಮ್ಮನಿಗೆ ಮಾತು ಕೊಟ್ಟಳು. ನಿಜ ಹೇಳಬೇಕೆಂದರೆ ಬ್ಲೌಸು ಶನಿವಾರ ಕೊಟ್ಟರೂ ನಡೆಯುತ್ತಿತ್ತು. ಅವಳಿಗೆ ಬುಧವಾರ ರಾತ್ರಿಯೆಲ್ಲ ಆ ತೊಡೆಗಳೇ ಕಣ್ಣ ಮುಂದೆ ಬಂದಿದ್ದವು.

ಗುರುವಾರ ಬೆಳಿಗ್ಗೆ ಬಸ್ಸಿನ ಮೊದಲ ಮೆಟ್ಟಿಲನ್ನೇ ರಾಜಶ್ರೀಗೆ ಹತ್ತಲಾಗಲಿಲ್ಲ. ಮೆಹನಾಜ್ ಹಿಂದಿನಿಂದ ಎತ್ತಿದಳು, ಕಂಡಕ್ಟರ್ ಕೈ ಹಿಡಿದೆಳೆದ. "ಏನಾಗೈತಮ್ಮ ಇವರಿಗೆ?" ಎಂದ ಅವನು. "ಜಿಮ್‌ಗೆ ಹೋಗಿದ್ದೆ ರೀ" ಎಂದು ರಾಜಶ್ರೀ ಹೇಳಿದಾಗ ಹಿಂದಿನ ಸೀಟಿನವರು ನಕ್ಕರು. ಮೆಹನಾಜಳಿಗೂ ನಗು ಬರಬೇಕಿತ್ತು. ಬರಲಿಲ್ಲ.

ಕಿಟಕಿಯ ಹೊರಗೆ ಕಾಲುವೆ, ಹಸಿರು ನೆಲ್ಲಿನ ಗದ್ದೆ, ಮಿಲ್ಲಿನ ಹೊಗೆ ಹಿಂದೆ ಹಿಂದೆ ಓಡಿದವು. ರಾಜಶ್ರೀ ತಲೆಯನ್ನು ಕಿಟಕಿಯ ಸರಳಿಗೆ ಆನಿಸಿ ಕಣ್ಣು ಮುಚ್ಚಿದ್ದಳು. ಅವಳ ಮುಖ ಊದಿದ ಹಾಗೆ, ರೆಪ್ಪೆಗಳು ಭಾರವಾದ ಹಾಗೆ ಕಂಡವು. ಕೈಯಲ್ಲಿನ ಬಳೆ ಮೊನ್ನೆ ಸಡಿಲಾಗಿದ್ದದ್ದು ಇವತ್ತು ಚರ್ಮಕ್ಕೆ ಕಚ್ಚಿಕೊಂಡಿತ್ತು.

"ರಾಜಿ, ಏನಾರ ಮಾತಾಡು."

"ಅಕ್ಕ, ಒಂದು ಕೇಳ್ಲಿ? ನಗಬ್ಯಾಡ." ಅವಳು ಕಣ್ಣು ತೆರೆಯದೆಯೇ ಹೇಳಿದಳು. "ಉಷ್ಣ ಆದ್ರ ಒಂದಕ್ಕ ಕೆಂಪಗ ಹೋಗ್ತದೇನು?"

"ಕೆಂಪಗ ಅಂದ್ರ ಹೆಂಗ?"

"ಕೆಂಪಗ ಅಲ್ಲ. ಕಪ್ಪು. ಹಾಲು ಹಾಕದ ಚಹಾ ಇರ್ತದಲ್ಲ, ಹಂಗ. ನಿನ್ನೆ ಮಧ್ಯಾಹ್ನದಿಂದ. ಇವತ್ತು ಮುಂಜಾನೆ ಬಂದೇ ಇಲ್ಲ. ಅತ್ತಿಗಿ ಹೇಳಾಕ ನಾಚಿಕಿ ಆತು."

ಮೆಹನಾಜಳ ಕೈಯೊಳಗಿನ ಬ್ಲೌಸಿನ ಗಂಟು ಜಾರಿ ಕಾಲ ಬಳಿ ಬಿತ್ತು. ಅವಳು ಡಾಕ್ಟರಲ್ಲ, ನರ್ಸಲ್ಲ. ಆದರೆ ಮನುಷ್ಯರ ಮೈಯಿಂದ ಆ ಬಣ್ಣದ್ದು ಬರಬಾರದು ಎಂದು ತಿಳಿಯಲು ಓದಬೇಕಾಗಿರಲಿಲ್ಲ.

ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ರಾಜಶ್ರೀಯನ್ನು ಇಳಿಸಿಬಿಟ್ಟಳು. "ನಾ ಲಿಂಗಸುಗೂರಿಗಿ ಹೋಗಬೇಕು ಅಕ್ಕ, ಅಪ್ಪ ಕಾಯ್ತಿರ್ತಾನ" ಎಂದು ಅವಳು ಗೋಗರೆದಳು. ಮೆಹನಾಜ್ ಕೇಳಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕೂರಿಸಿ ಒಂದು ಎಳನೀರು ಕೊಚ್ಚಿಸಿ ತಂದು ಕುಡಿಸಿದಳು. ಎರಡು ಗುಟುಕು ಒಳಗೆ ಹೋಗಿದ್ದೇ ತಡ, ಎಲ್ಲ ವಾಂತಿಯಾಯಿತು. ಆಟೋದವನನ್ನು ಕೂಗಿದಳು.

ಆಟೋದವನು ಕರೆದೊಯ್ದ ದವಾಖಾನೆ ಚಿಕ್ಕದು, ಎರಡು ಮಂಚದ್ದು. ಡಾಕ್ಟರಮ್ಮ ವಯಸ್ಸಾದವರು. ಮೊದಲು ತೊಡೆ ಮುಟ್ಟಿ ನೋಡಿದರು. ಆಮೇಲೆ ರಾಜಶ್ರೀಯಿಂದ ಹೇಗೋ ಒಂದಿಷ್ಟು ಮೂತ್ರ ತೆಗೆಸಿದರು. ಆ ಪ್ಲಾಸ್ಟಿಕ್ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದ ಮೇಲೆ ಅವರ ದನಿ ಬದಲಾಯಿತು.

"ಏನು ಕೆಲಸ ಮಾಡಿದ್ಯಮ್ಮ ನೀ?"

ರಾಜಶ್ರೀಗೆ ಹೇಳುವಷ್ಟು ತ್ರಾಣವಿರಲಿಲ್ಲ. ಮೆಹನಾಜ್ ಹೇಳಿದಳು. ಸೋಮವಾರ, ನೂರು, ಮತ್ತೆ ಪ್ಲೇಟು ಹಿಡಿದು ನೂರು. ನೀರು ಕುಡಿದಿರಲಿಲ್ಲ. ನೋವಿನ ಗುಳಿಗೆ ಎಷ್ಟು ಎಂದು ಕೇಳಿದರು. ರಾಜಶ್ರೀ ಬೆರಳು ತೋರಿಸಿದಳು, ಎಂಟು.

"ಎಳನೀರು, ಹಣ್ಣಿನ ರಸ ಏನಾರ ಕುಡಿಸೀರೇನು?"

"ಕುಡಿಸಿದ್ದೆ ರೀ, ಎಲ್ಲಾ ವಾಂತಿ ಮಾಡಿದ್ಲು."

"ವಾಂತಿ ಆಗಿದ್ದೇ ಚಲೋ ಆತು," ಎಂದು ಡಾಕ್ಟರಮ್ಮ ನರ್ಸಿಗೆ ಸಲೈನ್ ಹಚ್ಚಲು ಹೇಳಿ ಫೋನು ಕೈಗೆತ್ತಿಕೊಂಡರು. ಅಂಬುಲೆನ್ಸಿಗೆ ಮಾತಾಡುತ್ತಲೇ ಮೆಹನಾಜಳನ್ನು ಹೊರಗೆ ಕರೆದರು. "ನೋಡಮ್ಮ, ಅಳತಿ ಮೀರಿ ದುಡಿಸಿದ್ರ ಮಾಂಸ ಒಡೀತದ. ಒಡೆದದ್ದು ರಕ್ತದಾಗ ಸೇರಿ ಕಿಡ್ನಿಯೊಳಗ ಕೂಡ್ತದ. ಮ್ಯಾಲೆ ಆ ಗುಳಿಗಿ ಬ್ಯಾರೆ. ಕಿಡ್ನಿ ನಿಂತಾವು ಅಂತ ನಂಗ ಅನಸ್ತದ. ಹಂಗಿದ್ದಾಗ ಎಳನೀರಿನ ಉಪ್ಪು ಹೊರಗ ಹೋಗದ ಹೃದಯಕ್ಕ ಹೊಡೀತದ, ಅದಕ್ಕ ವಾಂತಿ ಆಗಿದ್ದು ಚಲೋ ಅಂದೆ. ರಾಯಚೂರಿಗಿ ಒಯ್ಯಬೇಕು, ಈಗಲೇ. ಹೃದಯಕ್ಕ ಹೊಡೆತ ಬೀಳೋಕ ಮುಂಚೆ."

ಮೆಹನಾಜಳ ಬಾಯಿಂದ ಬಂದದ್ದು ಒಂದೇ ಮಾತು. "ನಾವು ಅದನ್ನ ಚಲೋ ನೋವು ಅಂದ್ಕೊಂಡಿದ್ವಿ ರೀ."

"ಸ್ವಲ್ಪ ನೋವು ಬರ್ತದ, ಹೊಸಬರಿಗೆ ಬಂದೇ ಬರ್ತದ, ಹೋಗ್ತದ. ಬರಲಿಲ್ಲಂದ್ರೂ ಏನೂ ಕೆಟ್ಟಿಲ್ಲ, ಮೈ ಕಲ್ತೈತಿ ಅಂತ ಅರ್ಥ. ನೋವಿನಿಂದ ಏನೂ ಅಳತಿ ಮಾಡಾಕ ಬರಂಗಿಲ್ಲಮ್ಮ. ಯಾರು ಹೇಳಿದ್ರು ನಿಮಗ ಅಳತಿ ಮಾಡ್ರಿ ಅಂತ?"

ರಾಯಚೂರಿನ ದಾರಿಯಲ್ಲಿ ರಾಜಶ್ರೀ ಎರಡು ಸಲ ಅರಿವು ತಪ್ಪಿದವಳಂತೆ ಮಾತಾಡಿದಳು. ಒಮ್ಮೆ ಶಾಲೆಯ ಯಾವುದೋ ಹುಡುಗಿಗೆ ಲೆಕ್ಕ ಹೇಳಿಕೊಟ್ಟಳು. ಇನ್ನೊಮ್ಮೆ ಮೆಹನಾಜಳನ್ನು ಯಾರೆಂದು ಕೇಳಿದಳು. ಅಂಬುಲೆನ್ಸಿನೊಳಗಿನ ಸಣ್ಣ ಪರದೆಯ ಮೇಲೆ ಅವಳ ಎದೆಬಡಿತದ ಗೆರೆ ಒಂದೊಂದು ಸಲ ತಡೆದು ನಿಲ್ಲುತ್ತಿತ್ತು, ಮತ್ತೆ ಜಿಗಿಯುತ್ತಿತ್ತು. ಮೆಹನಾಜ್ ತನಗೆ ಗೊತ್ತಿದ್ದ ದುವಾಗಳನ್ನೆಲ್ಲ ಓದಿದಳು. ಮುಗಿದ ಮೇಲೆ, ರಾಜಶ್ರೀ ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವಾಗ ಗೊಣಗುವ ಶಿವನ ಹೆಸರನ್ನೂ ಹೇಳಿದಳು. ಯಾರಾದರೂ ಕೇಳಿಸಿಕೊಂಡರೆ ಸಾಕಿತ್ತು.

ದೊಡ್ಡಾಸ್ಪತ್ರೆಯಲ್ಲಿ ರಕ್ತದ ರಿಪೋರ್ಟು ಬಂತು. ಮಾಂಸ ಒಡೆದಾಗ ರಕ್ತಕ್ಕೆ ಸೇರುವ, ಇನ್ನೂರರೊಳಗೆ ಇರಬೇಕಾದ ಒಂದು ಅಂಶ ಎಂಬತ್ತು ಸಾವಿರ ದಾಟಿತ್ತು. ಕಿಡ್ನಿ ಕೆಲಸ ಮಾಡುತ್ತಿರಲಿಲ್ಲ. ಕತ್ತಿನಲ್ಲಿ ನಳಿಕೆ ಹಾಕಿ ಡಯಾಲಿಸಿಸ್ ಶುರು ಮಾಡಿದರು. ಕಸ್ತೂರೆಮ್ಮ ಮತ್ತು ರಾಜಶ್ರೀಯ ಗಂಡ ಬರುವಷ್ಟರಲ್ಲಿ ಅವಳು ಗಾಜಿನ ಬಾಗಿಲಿನ ಆಚೆಗೆ ಹೋಗಿಯಾಗಿತ್ತು. ಬದುಕುತ್ತಾಳೆ ಎಂದು ಯಾರೂ ಹೇಳಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ನೋಡೋಣ ಎಂದರು, ನಾಲ್ಕು ದಿನ ಅದನ್ನೇ ಹೇಳಿದರು.

ಎರಡನೇ ದಿನ ಅನಿಲಕುಮಾರ ಬಂದ. ಕಾರಿಡಾರಿನ ತುದಿಯಲ್ಲಿ ನಿಂತವನು ಹತ್ತಿರ ಬರಲು ಧೈರ್ಯವಾಗದೆ ಗೋಡೆಗೆ ಬೆನ್ನು ಕೊಟ್ಟಿದ್ದ. ಅಷ್ಟು ಗಟ್ಟಿ ಮೈಯವನು ಅಂದು ಕುಗ್ಗಿ ಕಾಣುತ್ತಿದ್ದ. ಕಸ್ತೂರೆಮ್ಮನೇ ಎದ್ದು ಹೋದರು. ಬಯ್ಯುತ್ತಾರೆ, ಕೆನ್ನೆಗೆ ಹೊಡೆಯುತ್ತಾರೆ ಎಂದುಕೊಂಡಳು ಮೆಹನಾಜ್.

"ಯಪ್ಪಾ," ಅಂದರು ಆ ಮುದುಕಿ, "ನಿಂಗ ಇದು ಗೊತ್ತಿತ್ತೇನು? ಹಿಂಗ ಆಗ್ತದಂತ?"

"ಇಲ್ಲ ರೀ ಅಮ್ಮಾ. ದೇವರಾಣಿ ಗೊತ್ತಿರಲಿಲ್ಲ."

"ಗೊತ್ತಿಲ್ಲದ ಕೆಲಸ ಮಂದಿ ಮೈಮ್ಯಾಲೆ ಹೆಂಗ ಮಾಡಿದಿ?"

ಅವನು ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡ. ಮೆಹನಾಜಳಿಗೆ ಅವನನ್ನು ನೋಡಲಾಗಲಿಲ್ಲ. ಅವನಿಗೆ ಗೊತ್ತಿರಲಿಲ್ಲ ಸರಿ. ಬೆಂಚಿನ ಮೇಲಿಂದ ಅರ್ಧ ಎದ್ದು ಕೂತವಳಿಗೆ ಒಂದಿಷ್ಟಾದರೂ ಗೊತ್ತಾಗಿತ್ತಲ್ಲ.

ನಾಲ್ಕು ಸಲ ಡಯಾಲಿಸಿಸ್ ಆದ ಮೇಲೆ, ಒಂಬತ್ತನೇ ದಿನ, ರಾಜಶ್ರೀಗೆ ತಾನಾಗಿಯೇ ಮೂತ್ರ ಬಂತು. ನರ್ಸು ಬಂದು ಹೇಳಿದಾಗ ಕಸ್ತೂರೆಮ್ಮ ಎಲ್ಲರೆದುರು ಅತ್ತುಬಿಟ್ಟರು. ವಾರ್ಡಿಗೆ ಹಾಕಿದ ದಿನ ಮೆಹನಾಜ್ ಅವಳ ಮಂಚದ ಪಕ್ಕ ಕೂತು ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ.

"ರಾಜಿ, ಒಂದು ಮಾತು ಹೇಳಬೇಕು. ಆ ಸೋಮವಾರ ನಂಗ ಎಲ್ಲೂ ನೋವಿರಲಿಲ್ಲ. ಸುಳ್ಳಾ ಕೈ ಎತ್ತಿದ್ದೆ. ಎತ್ತದೇ ಇದ್ದಿದ್ರ ಇಬ್ಬರೂ ಸೇರಿ ಆ ಸುತ್ತು ಹಾಕ್ತಿದ್ವಿ. ನಾ ನಡುವ ನಿಂದ್ರಿಸ್ತಿದ್ದೆ, ಇಬ್ಬರೂ ಬಿಡ್ತಿದ್ವಿ. ನೀ ಒಬ್ಬಾಕೀನೇ ಮಾಡೋದು ಕೂತು ನೋಡಿದೆ ನಾ."

ರಾಜಶ್ರೀಯ ಕತ್ತಿನ ಪಟ್ಟಿಯ ಕೆಳಗೆ ನೀಲಿ ಕಲೆ ಹರಡಿತ್ತು.

"ಅರವತ್ತಕ್ಕ ನನ್ನ ಕಾಲು ನನ್ನ ಮಾತು ಕೇಳ್ತಿರಲಿಲ್ಲ ಅಕ್ಕ," ಅಂದಳು ಅವಳು. "ಪ್ಲೇಟು ಕೆಳಗ ಇಡಬಹುದಿತ್ತು. ಅಂವ ಏನ್ ನನ್ನ ಕೊಲ್ತಿದ್ನಾ? ಚಪ್ಪಾಳಿ ಬೇಕಿತ್ತು ನಂಗ." ಮುಖ ಆ ಕಡೆ ತಿರುಗಿಸಿಕೊಂಡಳು. "ಆದ್ರ ನೀ ಹೇಳಿದ್ದು ಮರಿಯಾಕ ನಂಗ ಟೈಮ್ ಬೇಕು."

ಮೆಹನಾಜ್ ತಲೆಯಾಡಿಸಿದಳು. ಕ್ಷಮಿಸಿದೆ ಎಂದು ರಾಜಶ್ರೀ ಹೇಳಿದ್ದರೆ ತಾನೇ ನಂಬುತ್ತಿರಲಿಲ್ಲ.

ಸಿಂಧನೂರಿಗೆ ತಿರುಗಿ ಬಂದಾಗ ಜಿಮ್ಮಿನ ಮಾಲೀಕ ಹೆಂಗಸರ ಬ್ಯಾಚನ್ನೇ ನಿಲ್ಲಿಸಿದ್ದ. ಇವರ ಉಸಾಬರಿಯೇ ಬೇಡ ಎಂದನಂತೆ. ಚಿಲಕ ಹಾಕಿಸುವುದಾಗಲಿ, ಕುಡಿಯುವ ನೀರು ಇಡುವುದಾಗಲಿ ಅವನ ತಲೆಗೆ ಹೊಳೆಯಲಿಲ್ಲ. ಅನಿಲಕುಮಾರ ಮಸ್ಕಿಗೆ ಹೋದವನು ಮೂರು ತಿಂಗಳು ಕಾಣಲಿಲ್ಲ. ಎಲ್ಲೋ ಸರಿಯಾಗಿ ಕಲಿಯಲು ಸೇರಿದ್ದಾನೆ ಎಂದು ಯಾರೋ ಹೇಳಿದರು, ಅಲ್ಲಿಯ ಗೊಬ್ಬರದ ಅಂಗಡಿಯೊಂದರಲ್ಲಿ ಚೀಲ ಹೊರುತ್ತಾನೆ ಎಂದು ಇನ್ನಾರೋ ಹೇಳಿದರು.

ಜುಲೈನಲ್ಲಿ ಕಾಲುವೆಗೆ ನೀರು ಬಿಡುವ ಹೊತ್ತಿಗೆ ಡಾಕ್ಟರು ರಾಜಶ್ರೀಗೆ ಹಗುರ ಕಸರತ್ತಿಗೆ ಒಪ್ಪಿಗೆ ಕೊಟ್ಟರು. ಸಕ್ಕರೆ ಅಲ್ಲೇ ಹೊಸ್ತಿಲಲ್ಲಿ ಕಾಯುತ್ತಿತ್ತಲ್ಲ, ಅದಕ್ಕೆ ಸುಮ್ಮನೆ ಕೂತರೆ ನಡೆಯುತ್ತಿರಲಿಲ್ಲ. ಒಂದು ಭಾನುವಾರ ಅವಳಾಗಿಯೇ ಮೆಹನಾಜಳ ಮನೆಗೆ ಬಂದಳು. ಆಸ್ಪತ್ರೆಯ ಆ ಮಾತಿನ ನಂತರ ಹೊಸ್ತಿಲು ದಾಟಿದ್ದು ಅದೇ ಮೊದಲು. ಬಟ್ಟೆಯ ರಾಶಿಯ ನಡುವೆ ಒಂದು ಸ್ಟೂಲು ಇಟ್ಟುಕೊಂಡು ಕೂತು ಎದ್ದಳು. ಐದು ಸಲ. ಮತ್ತೈದು ಸಲಕ್ಕೆ ಹೋಗುವವಳನ್ನು ಮೆಹನಾಜ್ ತಡೆದು ಒಂದು ತಂಬಿಗೆ ನೀರು ಕೊಟ್ಟಳು. ಅವಳು ಕುಡಿದು ಮುಗಿಸುವವರೆಗೂ ಎದುರಿಗೇ ನಿಂತಿದ್ದಳು.

ಮಾರನೆ ದಿನ ಬೆಳಿಗ್ಗೆ ಫೋನು ಬಂತು.

"ಅಕ್ಕ, ತೊಡಿ ಸ್ವಲ್ಪ ನೋಯಾಕತ್ತೈತಿ."

ಮೆಹನಾಜ್ ಕತ್ತರಿ ಹಿಡಿದಂತೆಯೇ ಎದ್ದು ನಿಂತಳು. "ಬಾವು ಐತೇನು? ನೀರು ಕುಡಿದ್ಯಾ? ಬಣ್ಣ ಹೆಂಗೈತಿ?"

"ಬಾವಿಲ್ಲ. ಬಣ್ಣ ಸರಿ ಐತಿ," ಎಂದಳು ರಾಜಶ್ರೀ. ಆಮೇಲೆ ದನಿ ಸಣ್ಣದಾಯಿತು. "ಅತ್ತಿ ಸುಮ್ನ ಸಾದಾ ನೋವು ಅಂತಾಳ. ನಂಗೂ ಹಂಗ ಅನಸ್ತದ. ಆದ್ರೂ ಬರ್ತೀಯೇನು?"

ಕತ್ತರಿ ಕೆಳಗಿಟ್ಟು, ಮಷೀನಿನ ಮೇಲೆ ಅರ್ಧ ಹೊಲಿದ ತೋಳು ಹಾಗೇ ಬಿಟ್ಟು, ಮೆಹನಾಜ್ ಚಪ್ಪಲಿ ಮೆಟ್ಟಿದಳು. ಅಂದೂ, ಮಾರನೆ ದಿನವೂ ಅವಳು ರಾಜಶ್ರೀಯ ಮಂಚದ ಬದಿಯಲ್ಲಿ ಕೂತಿದ್ದಳು. ತೊಡೆ ಒತ್ತಿ ನೋಡುವುದು, ನೀರು ಕುಡಿಸುವುದು, ಬಚ್ಚಲಿಂದ ಬಂದಾಗಲೆಲ್ಲ ಮುಖ ನೋಡುವುದು. ಬುಧವಾರ ಮಧ್ಯಾಹ್ನ ನೋವು ಹೋಯಿತು. ಇಬ್ಬರೂ ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಸಂಜೆಯವರೆಗೂ ಹೆದರಿದರು.